‘ಬಾರೋ’ ಎಂಬ ಕ್ರಿಯಾಪದವೂ ಚೀನೀ ವಿದ್ಯಾರ್ಥಿಗಳೂ

ಇಂಗ್ಲಿಷನ್ನು ಕಲಿಯುವ ಚೀನೀ ಬಾಲೆಯೊಬ್ಬಳು ಗೆಳತಿಯ ಲೇಖನಿಯನ್ನು ಬೇಡುವಾಗ ‘ಕ್ಯಾನ್ ಯೂ ಬಾರೋ ಮೀ ಯುವರ್ ಪೆನ್?’ ಎಂದು ಕೇಳುವುದುಂಟು. ಕೇಳಿದವರು ನಗುವರು, ಅವಳು ನಾಚಿ ಸುಮ್ಮನಾಗುವಳು. ಆದರೆ ಈ ತಪ್ಪು ಮಂದಬುದ್ಧಿಯಿಂದ ಹುಟ್ಟಿದುದಲ್ಲ, ಮಾತೃಭಾಷೆಯ ಕ್ರಮದಿಂದ ಬಂದುದೆಂಬುದು ವಿಚಾರಿಸಿದವರಿಗೆ ತಿಳಿಯುವುದು.

ಹಿಂದಿರುಗಿ ಬರುವುದೆಂಬ ನಂಬಿಕೆಯಿಂದ ವಸ್ತುವೊಂದು ಕೈಯಿಂದ ಕೈಗೆ ಹೋಗುವಾಗ, ಕೊಡುವವರೊಬ್ಬರು, ಪಡೆಯುವವರೊಬ್ಬರು ಇರುವರಷ್ಟೆ. ಇಂಗ್ಲಿಷು ಇವರಿಬ್ಬರಿಗೂ ಬೇರೆ ಬೇರೆ ಕ್ರಿಯಾಪದಗಳನ್ನು ಇಟ್ಟಿದೆ. ಪಡೆಯುವವರ ಕಾರ್ಯವು ‘ಬಾರೋ’. ಕೊಡುವವರ ಕಾರ್ಯವು ‘ಲೆಂಡ್’. ಮಂಡಾರಿನ್ ಎಂಬ ಚೀನೀ ಭಾಷೆಯಲ್ಲಾದರೋ ‘ಜಿಯೆ’ ಎಂಬ ಒಂದೇ ಪದವು ಎರಡಕ್ಕೂ ಸಲ್ಲುತ್ತದೆ. ವಸ್ತುವು ಯಾವ ಕಡೆಗೆ ಹೋಯಿತೆಂಬುದನ್ನು ಜೊತೆಯ ಪದಗಳು ತಿಳಿಸುವುವು. ‘ಕೊಡು’ ಎಂಬರ್ಥದ ‘ಗೇ’ ಅದರ ಬಳಿಕ ಬಂದರೆ ಎರವಲು ಕೊಟ್ಟಂತೆ. ‘ಕಡೆಗೆ’ ಎಂಬರ್ಥದ ‘ಶಿಯಾಂಗ್’ ಕೊಡುವವರ ಹೆಸರಿಗೆ ಮೊದಲು ಬಂದರೆ ಎರವಲು ಪಡೆದಂತೆ.

ನಮ್ಮ ಕನ್ನಡವೂ ಇದಕ್ಕೆ ದೂರವಲ್ಲ. ‘ಎರವಲು’ ಎಂಬ ಒಂದೇ ಪದಕ್ಕೆ ‘ಕೊಡು’, ‘ತೆಗೆದುಕೊ’ ಎಂಬವನ್ನು ಸೇರಿಸಿ ನಾವು ಕೆಲಸ ನಡೆಯಿಸುತ್ತೇವೆ. ಆದುದರಿಂದ ಆ ಬಾಲೆಯ ತೊಡಕು ನಮಗೂ ತಿಳಿಯತಕ್ಕುದೇ.

ನೆನಪಿಡಬೇಕಾದ ಅಂಶಗಳು ಮೂರು. ಮೊದಲನೆಯದು, ‘ಬಾರೋ’ ಎಂಬುದಕ್ಕೆ ಕರ್ತೃವು ಯಾವಾಗಲೂ ಪಡೆಯುವವನೇ. ಯಾರಿಂದ ಎಂಬುದನ್ನು ‘ಫ್ರಮ್’ ಸೂಚಿಸುವುದು. ‘ಐ ಬಾರೋಡ್ ಎ ಬುಕ್ ಫ್ರಮ್ ಹರ್’ ಎಂದರೆ ಪುಸ್ತಕವು ನನ್ನ ಕೈಸೇರಿತು. ‘ಐ ಲೆಂಟ್ ಹರ್ ಎ ಬುಕ್’ ಎಂದರೆ ಅವಳ ಕೈಸೇರಿತು. ಎರಡನೆಯದು, ಚೀನೀ ಕ್ರಿಯಾಪದವು ಕಾಲಕ್ಕನುಸಾರವಾಗಿ ರೂಪವನ್ನು ಬದಲಿಸದು. ಇಂಗ್ಲಿಷಿನ ‘ಬಾರೋಡ್’, ‘ಲೆಂಟ್’ ಎಂಬ ಭೂತಕಾಲದ ರೂಪಗಳನ್ನು ಬೇರೆಯಾಗಿಯೇ ಕಲಿಯಬೇಕು. ಮೂರನೆಯದು, ಇದ್ದಲ್ಲಿಯೇ ಬಳಸುವ ವಸ್ತುವಿಗೆ ‘ಬಾರೋ’ ಸಾಮಾನ್ಯವಾಗಿ ಒಪ್ಪದು. ಗೋಡೆಗೆ ಜೋಡಿಸಿದ ದೂರವಾಣಿಯಲ್ಲಿ ಮಾತಾಡಲು ಅಪ್ಪಣೆ ಕೇಳುವಾಗ ‘ಯೂಸ್’ ಎನ್ನಬೇಕು.

ಒಂದು ಭಾಷೆಯು ಇನ್ನೊಂದರ ಪದವನ್ನು ತೆಗೆದುಕೊಂಡಾಗಲೂ ‘ಬಾರೋ’ ಎನ್ನುವರು. ಅಲ್ಲಿ ಹಿಂದಿರುಗಿಸುವ ಮಾತೇ ಇಲ್ಲ! ಚೀನದ ಫೂಜಿಯಾನ್ ಪ್ರಾಂತ್ಯದ ಕರಾವಳಿಯ ನುಡಿಯಲ್ಲಿದ್ದ ‘ತೆ’ ಎಂಬುದು ಇಂಗ್ಲಿಷಿನ ‘ಟೀ’ ಆಯಿತು. ಚೀನದ ಇತರ ನುಡಿಗಳ ‘ಚಾ’ ಎಂಬುದೇ ನಮ್ಮ ‘ಚಹಾ’ಕ್ಕೆ ಮೂಲ. ಹೀಗೆ ಎಲ್ಲರೂ ಒಬ್ಬರಿಂದೊಬ್ಬರು ಎರವಲು ಪಡೆದವರೇ ಆಗಿರುವಲ್ಲಿ, ಪರಭಾಷೆಯಲ್ಲಿ ತಡವರಿಸುವವರನ್ನು ನಗದೆ ತಿದ್ದುವುದೇ ನಮಗೆ ಒಪ್ಪುವುದು.