ತೋಟಾ ಮರುಭರ್ತಿ: ಡೈಗಳ ಆಯ್ಕೆ

ಅಮೆರಿಕದಲ್ಲಿ ಗುರಿ ಅಭ್ಯಾಸ ಮಾಡುವ ಅನೇಕರು ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆ ಕೋಶವನ್ನು ಎಸೆಯುವುದಿಲ್ಲ. ಮತ್ತೆ ತುಂಬಿ ಬಳಸುತ್ತಾರೆ. ಇದಕ್ಕೆ ಬೇಕಾದ ಅಚ್ಚುಗಳೇ 'ಡೈ'ಗಳು.

ಪಿಸ್ತೂಲು, ರಿವಾಲ್ವರ್ ತೋಟಾಗಳಿಗೆ ಸಾಮಾನ್ಯವಾಗಿ ಮೂರು ಡೈಗಳ ಸೆಟ್ ಸಿಗುತ್ತದೆ. ಮೊದಲನೆಯದು ಹಿಗ್ಗಿದ ಕೋಶವನ್ನು ಅಳತೆಗೆ ತಂದು, ಉರಿದ ಪ್ರೈಮರನ್ನು ಹೊರದಬ್ಬುತ್ತದೆ. ಎರಡನೆಯದು ಕೋಶದ ಬಾಯಿಯನ್ನು ತುಸು ಅಗಲಿಸುತ್ತದೆ. ಮೂರನೆಯದು ಗುಂಡನ್ನು ಕೂರಿಸಿ ಬಾಯಿ ಬಿಗಿಯುತ್ತದೆ.

ಮೊದಲ ಡೈ ಕಾರ್ಬೈಡ್ ಉಂಗುರದ್ದಾದರೆ ಲೇಸು. ಬರಿಯ ಉಕ್ಕಿನದಾದರೆ ಪ್ರತಿ ಕೋಶಕ್ಕೂ ಜಿಡ್ಡು ಸವರಬೇಕು. ಮರೆತರೆ ಕೋಶ ಒಳಗೇ ಸಿಕ್ಕಿಕೊಳ್ಳುತ್ತದೆ.

ಬಿಗಿಯುವ ಡೈ ಆರಿಸುವಾಗ ಹೆಚ್ಚು ಎಚ್ಚರ ಬೇಕು. 1902ರಲ್ಲಿ ಬಂದ 9 ಮಿ.ಮೀ. ಲೂಗರ್ ತೋಟಾ ಪಿಸ್ತೂಲಿನೊಳಗೆ ನಿಲ್ಲುವುದೇ ಕೋಶದ ಬಾಯಂಚಿನ ಆಧಾರದಿಂದ. ಆದ್ದರಿಂದ ಅಂಚನ್ನು ಮಡಚದೆ ಒತ್ತುವ 'ಟೇಪರ್ ಕ್ರಿಂಪ್' ಬೇಕು. .38 ಸ್ಪೆಷಲ್ ತೋಟಾ ಬುಡದ ಅಂಚಿನ ಮೇಲೆ ನಿಲ್ಲುತ್ತದೆ. ಗುಂಡಿನಲ್ಲಿ ಗಾಡಿಯಿದ್ದರೆ, ಅದರೊಳಕ್ಕೆ ಬಾಯಂಚು ಮಡಚುವ 'ರೋಲ್ ಕ್ರಿಂಪ್' ಒಪ್ಪುತ್ತದೆ.

ಹಿಡಿತ ಸಡಿಲಾದರೆ ಪಿಸ್ತೂಲಿನಲ್ಲಿ ಗುಂಡು ಕೋಶದೊಳಕ್ಕೆ ಜಾರಬಹುದು. ಆಗ ಒಳಜಾಗ ಕಿರಿದಾಗಿ ಒತ್ತಡ ಏರುತ್ತದೆ. ಪಿಸ್ತೂಲು ಸಿಡಿದು ಕೈಗೇ ಅಪಾಯವಾದೀತು.

ಒಂದು ಮಾತು ನೆನಪಿರಲಿ: ನಮ್ಮಲ್ಲಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಆಯುಧ ಕಾಯಿದೆಯಂತೆ ಅಪರಾಧ.