ಹಿಮಪಥದ ಏಕಾಂಗಿ ಯಾತ್ರಿಕ – ಶಿವ ಕೇಶವನ್

ಕ್ರಿಕೆಟ್ಟಿನ ಜಯಘೋಷದ ನಡುವೆ ಉಳಿದ ಕ್ರೀಡೆಗಳ ದನಿ ನಮಗೆ ಕೇಳಿಸುವುದೇ ಅಪರೂಪ. ಅದರಲ್ಲೂ ಹಿಮಕ್ರೀಡೆಗಳೆಂದರೆ ಕಡಲ ತಡಿಯ ಮುಂಬಯಿಯಲ್ಲಿ ನೆಲೆಸಿದ ನಮಗೆ ದೂರದರ್ಶನದ ವಿಸ್ಮಯ ಮಾತ್ರ. ಆದರೆ 1998ರಿಂದ 2018ರವರೆಗಿನ ಆರು ಚಳಿಗಾಲದ ಒಲಿಂಪಿಕ್ಸ್‌ಗಳಲ್ಲಿ ಒಂದನ್ನೂ ತಪ್ಪಿಸದೆ ಭಾರತೀಯರೊಬ್ಬರು ಸ್ಪರ್ಧಿಸಿದರು. ಅವರೇ ಶಿವ ಕೇಶವನ್. ಅವರ ಕ್ರೀಡೆ ‘ಲ್ಯೂಜ್’.

ಮಂಜುಗಡ್ಡೆಯ ಇಳಿಜಾರಿನಲ್ಲಿ ನಡೆಯುವ ಜಾರುಬಂಡಿಯ ಸ್ಪರ್ಧೆಗಳು ಮುಖ್ಯವಾಗಿ ಮೂರು. ‘ಬಾಬ್‌ಸ್ಲೆಡ್’ನಲ್ಲಿ ಇಬ್ಬರು ಅಥವಾ ನಾಲ್ವರು ಬಂಡಿಯನ್ನು ತಳ್ಳುತ್ತ ಓಡಿ, ಹಾರಿ ಒಳಗೆ ಕೂರುತ್ತಾರೆ. ಮುಂದೆ ಕುಳಿತ ಚಾಲಕ ಹಗ್ಗವೆಳೆದು ದಿಕ್ಕು ತಿರುಗಿಸಿದರೆ, ಹಿಂದಿನವನು ಕೊನೆಗೆ ಬ್ರೇಕ್ ಹಾಕುತ್ತಾನೆ. ‘ಸ್ಕೆಲಿಟನ್’ನಲ್ಲಿ ಬೋರಲಾಗಿ ಮಲಗಿ, ತಲೆ ಮುಂದಾಗಿ ಜಾರಬೇಕು. ಲ್ಯೂಜ್‌ನಲ್ಲಿ ಅಂಗಾತ ಮಲಗಿ, ಕಾಲು ಮುಂದಾಗಿ ಜಾರಬೇಕು. ಇದರಲ್ಲಿ ಚುಕ್ಕಾಣಿಯೂ ಇಲ್ಲ, ಬ್ರೇಕೂ ಇಲ್ಲ. ಮೀನಖಂಡಗಳ ಒತ್ತಡ ಮತ್ತು ಭುಜದ ಭಾರದಿಂದಲೇ ಬಂಡಿಯನ್ನು ತಿರುಗಿಸಬೇಕು. ಸೋಲು-ಗೆಲುವು ನಿರ್ಧಾರವಾಗುವುದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ.

ಫೋರ್ಟಿನಲ್ಲಿ ದುಡಿಯುವ ನಮ್ಮವರಿಗೆ ಒಂದು ಹೋಲಿಕೆ ಕೊಡಬಹುದು. ದಲಾಲ್ ಸ್ಟ್ರೀಟಿನ ಷೇರು ವಿನಿಮಯ ಕೇಂದ್ರದ ಗೋಪುರವಿದೆಯಲ್ಲ, ಹೆಚ್ಚುಕಡಿಮೆ ಅಷ್ಟೇ ಎತ್ತರದಿಂದ ಈ ಹಿಮಪಥ ಇಳಿಯುತ್ತದೆ. ಉದ್ದವೋ, ಸಿ.ಎಸ್.ಎಂ.ಟಿ. ನಿಲ್ದಾಣದಿಂದ ಕಾಳಾಘೋಡಾವರೆಗಿನಷ್ಟು. ನಾವು ಹದಿನೈದು-ಇಪ್ಪತ್ತು ನಿಮಿಷ ನಡೆಯುವ ದೂರವನ್ನು ಲ್ಯೂಜ್ ಪಟು ಒಂದು ನಿಮಿಷದೊಳಗೆ ಮುಗಿಸುತ್ತಾನೆ.

ಶಿವ ಕೇಶವನ್ ಜನಿಸಿದ್ದು 1981ರಲ್ಲಿ, ಹಿಮಾಚಲದ ಮನಾಲಿಯಲ್ಲಿ. ತಂದೆ ಕೇರಳದ ತಲಶ್ಶೇರಿಯವರು, ತಾಯಿ ಇಟಲಿಯವರು. ಅವರು ಓದಿದ್ದು ಸನಾವರದ ಲಾರೆನ್ಸ್ ಶಾಲೆಯಲ್ಲಿ. ಅವರ ಲ್ಯೂಜ್ ಪಯಣಕ್ಕೆ ನಾಂದಿಯಾದದ್ದು ಒಂದು ಶಿಬಿರದಲ್ಲಿ. ಆಸ್ಟ್ರಿಯಾದ ಗುಂಟರ್ ಲೆಮರರ್ ನಡೆಸಿದ ಆ ಶಿಬಿರದಲ್ಲಿ, ಚಕ್ರ ಜೋಡಿಸಿದ ಬಂಡಿಯ ಮೇಲೆ ಆ ಹುಡುಗ ಮೊದಲ ಪಾಠ ಕಲಿತ. 1998ರಲ್ಲಿ ಜಪಾನಿನ ನಾಗಾನೊದಲ್ಲಿ, ಹದಿನಾರರ ಹರೆಯದಲ್ಲಿ, ಭಾರತದ ಏಕೈಕ ಸ್ಪರ್ಧಿಯಾಗಿ ಒಲಿಂಪಿಕ್ಸ್‌ಗೆ ಇಳಿದು 28ನೆಯ ಸ್ಥಾನ ಪಡೆದ. ಹಿಮವೇ ಬೀಳದ ಜಮೈಕಾದ ಬಾಬ್‌ಸ್ಲೆಡ್ ತಂಡ 1988ರ ಕ್ಯಾಲ್ಗರಿಯಲ್ಲಿ ಸ್ಪರ್ಧಿಸಿದ್ದರಿಂದ ಪ್ರೇರಿತವಾದ ‘ಕೂಲ್ ರನ್ನಿಂಗ್ಸ್’ ಚಲನಚಿತ್ರವನ್ನು ಅನೇಕರು ನೋಡಿರಬಹುದು. ಅವರಾದರೋ ತಂಡವಾಗಿ ಹೋದವರು, ನಮ್ಮವನು ಒಬ್ಬನೇ.

ಬ್ಯಾಂಕ್ ನೌಕರನಾದ ನನಗೆ ಈ ಸಾಧನೆಯ ಖರ್ಚು-ವೆಚ್ಚದ ಮುಖವೇ ಹೆಚ್ಚು ಕಾಡುತ್ತದೆ. ಭಾರತದಲ್ಲಿ ಲ್ಯೂಜ್‌ಗೆ ಕೃತಕ ಹಿಮಪಥವೇ ಇಲ್ಲ. ಅಭ್ಯಾಸಕ್ಕೆ ವಿದೇಶಕ್ಕೇ ಹೋಗಬೇಕು. ಬಂಡಿ, ಪ್ರಯಾಣ, ತರಬೇತಿ ಎಲ್ಲಕ್ಕೂ ಹಣ ಬೇಕು. ಪ್ರಾಯೋಜಕರ ಮತ್ತು ಸಾರ್ವಜನಿಕರ ನೆರವನ್ನು ಕೇಶವನ್ ತಾವೇ ಹುಡುಕಿಕೊಂಡರು. ಊರಿನಲ್ಲಿದ್ದಾಗ ಚಕ್ರದ ಬಂಡಿಯಲ್ಲಿ ಹಿಮಾಲಯದ ರಸ್ತೆಗಳಲ್ಲೇ, ವಾಹನಗಳನ್ನೂ ಕುರಿಮಂದೆಗಳನ್ನೂ ತಪ್ಪಿಸುತ್ತ ಅಭ್ಯಾಸ ನಡೆಸಿದರು. ಇಟಲಿಯ ಪರವಾಗಿ ಆಡಲು ಆಹ್ವಾನ ಬಂದಾಗಲೂ ಭಾರತವನ್ನು ಬಿಡಲಿಲ್ಲ. 2006ರ ಟ್ಯೂರಿನ್‌ನಲ್ಲಿ ಗಳಿಸಿದ 25ನೆಯ ಸ್ಥಾನವೇ ಅವರ ಅತ್ಯುತ್ತಮ ಒಲಿಂಪಿಕ್ ಸಾಧನೆ.

ಇದು ಪ್ರಾಣವನ್ನೇ ಪಣಕ್ಕಿಡುವ ಕ್ರೀಡೆಯೂ ಹೌದು. 2010ರ ವ್ಯಾಂಕೂವರ್ ಕ್ರೀಡಾಕೂಟದ ಉದ್ಘಾಟನೆಯ ದಿನವೇ ಜಾರ್ಜಿಯಾದ 21ರ ತರುಣ ನೊದಾರ್ ಕುಮರಿತಾಶ್ವಿಲಿ ಅಭ್ಯಾಸದ ವೇಳೆ ಪಥದಿಂದ ಹೊರಗೆಸೆಯಲ್ಪಟ್ಟು ಮೃತಪಟ್ಟರು. ಅದೇ ಪಥದಲ್ಲಿ ಕೇಶವನ್ ಸ್ಪರ್ಧಿಸಿ 29ನೆಯವರಾದರು. 2014ರ ಸೋಚಿಯಲ್ಲಿ ಅಭ್ಯಾಸದ ನಡುವೆ ಬಂಡಿಯಿಂದ ಕೆಳಜಾರಿದರೂ ಕೈಬಿಡದೆ, ಓಡುವ ಬಂಡಿಯನ್ನು ಮತ್ತೆ ಏರಿ ಗುರಿ ಮುಟ್ಟಿದರು. ಆದರೆ ಆ ಕೂಟದಲ್ಲಿ ತ್ರಿವರ್ಣ ಧ್ವಜದಡಿ ಸ್ಪರ್ಧಿಸುವ ಭಾಗ್ಯ ಅವರಿಗಿರಲಿಲ್ಲ. ಭಾರತೀಯ ಒಲಿಂಪಿಕ್ ಸಂಸ್ಥೆ ಅಮಾನತಿನಲ್ಲಿದ್ದ ಕಾರಣ ಒಲಿಂಪಿಕ್ ಧ್ವಜದಡಿಯೇ ಇಳಿಯಬೇಕಾಯಿತು. ಅಮಾನತು ತೆರವಾದದ್ದು ಅವರ ಸ್ಪರ್ಧೆ ಮುಗಿದ ಮೇಲೆ!

ಏಷ್ಯಾ ಮಟ್ಟದಲ್ಲಿ ಅವರು ನಿಜಕ್ಕೂ ಚಾಂಪಿಯನ್ನರು. 2011ರಲ್ಲಿ ನಾಗಾನೊದಲ್ಲಿ ಗಂಟೆಗೆ 134.3 ಕಿ.ಮೀ. ವೇಗದಲ್ಲಿ ಜಾರಿ ಸ್ವರ್ಣಪದಕ ಗೆದ್ದರು. ಮುಂದೆಯೂ ಏಷ್ಯಾದ ಪ್ರಶಸ್ತಿಗಳನ್ನು ಗಳಿಸಿದರು. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನೊಂದಿಗೆ ವಿದಾಯ ಹೇಳಿದರು. ಅರ್ಜುನ ಪ್ರಶಸ್ತಿ ದೊರೆತದ್ದು ನಿವೃತ್ತಿಯ ನಂತರ, 2020ರಲ್ಲಿ.

ಒಲಿಂಪಿಕ್ ಪದಕವಿಲ್ಲದ ಇಪ್ಪತ್ತು ವರ್ಷಗಳನ್ನು ಸೋಲೆಂದು ಕರೆಯೋಣವೇ? ಸಲ್ಲದು. ಪಥವಿಲ್ಲದ ದೇಶದಿಂದ ಹೋಗಿ, ಪಥವಿದ್ದವರೊಡನೆ ಸೆಣಸಿದವರ ಲೆಕ್ಕವನ್ನು ಪದಕಗಳಿಂದಷ್ಟೇ ಮಾಡಲಾಗದು. ಆದರೆ ವಿಷಾದದ ಸಂಗತಿಯೆಂದರೆ, 2022ರ ಬೀಜಿಂಗ್‌ನಲ್ಲಿ ಭಾರತದಿಂದ ಹೋದವರು ಸ್ಕೀ ಪಟು ಆರಿಫ್ ಖಾನ್ ಒಬ್ಬರೇ. ಲ್ಯೂಜ್‌ನಲ್ಲಿ ಕೇಶವನ್ ಅವರ ಸ್ಥಾನ ಬರಿದಾಗಿತ್ತು. ಒಬ್ಬರ ಛಲ ದಾರಿ ತೋರಿಸಬಲ್ಲುದೇ ಹೊರತು ಪರಂಪರೆಯಾಗಲಾರದು. ಅದಕ್ಕೆ ವ್ಯವಸ್ಥೆ ಬೇಕು, ಸಮಾಜದ ಬೆಂಬಲ ಬೇಕು.

ನಮ್ಮ ಕೊಡಗಿನ ಹೆಣ್ಣುಮಗಳು ಭವಾನಿ ತೆಕ್ಕಡ ನಂಜುಂಡ ಕೂಡ ಹಿಮದ ಮೇಲಿನ ದೂರದ ಸ್ಕೀ ಓಟವನ್ನು ಆಯ್ದುಕೊಂಡು, ಚಿಲಿ ದೇಶದಲ್ಲಿ ಕಂಚಿನ ಪದಕ ಗೆದ್ದಿದ್ದಾರೆ. ನಾಳೆ ನಮ್ಮ ಮನೆಯ ಮಗುವೊಂದು ಯಾರೂ ಕೇಳದ ಕ್ರೀಡೆಯ ಹೆಸರು ಹೇಳಿದರೆ, ‘ಅದರಿಂದ ಏನು ಪ್ರಯೋಜನ?’ ಎನ್ನುವ ಮೊದಲು ನಾವು ಒಂದು ಕ್ಷಣ ಯೋಚಿಸಬೇಕಾಗಿದೆ.