ಮುಟ್ಟು ನಿಲ್ಲುವ ಮುನ್ನ: ಗೃಹಸ್ಥರು ತಿಳಿದಿರಬೇಕಾದ ಮಾತು

ಸವದತ್ತಿ ಸೀಮೆಯ ಚಚಡಿಯು ನಮ್ಮ ಅಕ್ಕನವರನ್ನು ಕೊಟ್ಟ ಊರು. ಹದಿನೇಳು ವರುಷಗಳ ಹಿಂದೆ, ಅವರಿಗೆ ೪೧ ನಡೆಯುತ್ತಿರುವಾಗ, ತಿಂಗಳ ಸ್ರಾವವು ಕ್ರಮ ತಪ್ಪಿತು. ಒಮ್ಮೆ ೨೦ ದಿನಕ್ಕೆ, ಒಮ್ಮೆ ೪೦ ದಿನಕ್ಕೆ. ಬಂದಾಗಲೊಮ್ಮೆ ಎಂಟೆಂಟು ದಿನ. ರಾತ್ರಿ ಬೆವತು ಎದ್ದು ಕೂಡ್ರುವರು. ಹಗಲು ಸಣ್ಣ ಮಾತಿಗೂ ಕಣ್ಣಲ್ಲಿ ನೀರು ತರುವರು. ಪಟ್ಟಣದ ಒಂದು ದವಾಖಾನೆಯಲ್ಲಿ ಸರಿಯಾದ ತಪಾಸಣೆಯೂ ಆಗದೆ, “ಮಕ್ಕಳಂತೂ ಆಗಿವೆ, ಗರ್ಭಚೀಲ ತೆಗೆಸಿಬಿಡಿರಿ” ಎಂಬ ಅಪ್ಪಣೆಯಾಯಿತು. ಭಾವನವರು ಪರಸ್ಥಳದಲ್ಲಿದ್ದ ಕಾರಣ ಕಾಗದಕ್ಕೆ ಸಹಿ ಮಾಡಿದವರು ನಾವು. ದಿನಬೆಳಗಾದರೆ ಸರಕಾರವನ್ನು ಪ್ರಶ್ನಿಸಿ ಅಗ್ರಲೇಖ ಬರೆಯುವ ಈ ಕೈಯು ಅಂದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಗರ್ಭಕೋಶದೊಡನೆ ಎರಡೂ ಅಂಡಾಶಯಗಳು ಹೋದವು. ಕೆಲವೇ ದಿನಗಳಲ್ಲಿ ಮೈಯುರಿಯು ಇಮ್ಮಡಿಯಾಯಿತು. ಮುಂದೆ ೫೨ನೆಯ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ ಮುಂಗೈ ಮುರಿದಾಗ, ಎಲುಬುಗಳು ಸತ್ವಗುಂದಿರುವದು ತಿಳಿದುಬಂತು.

ಈ ವರುಷ ನಮ್ಮ ಮನೆಯವರಲ್ಲಿಯೂ ಅವೇ ಚಿಹ್ನೆಗಳು ತೋರಿದವು. ಸುದ್ದಿ ಕೇಳಿ ಚಚಡಿಯಿಂದ ಬಂದ ಅಕ್ಕನವರು, “ತಮ್ಮಾ, ಈ ಸಲ ಸಹಿ ಮಾಡೂಕಿಂತ ಮೊದಲ ನಾಕ ಮಾತು ಕೇಳಪಾ” ಎಂದರು. ಆ ಒಂದು ಮಾತೇ ಈ ಲೇಖಕ್ಕೆ ಕಾರಣ. ಇಂಥ ವಿಷಯವನ್ನು ವರ್ತಮಾನಪತ್ರದಲ್ಲಿ ಬರೆಯುವದು ಉಚಿತವೇ ಎಂದು ಕೆಲ ವಾಚಕ ಮಹಾಶಯರು ಹುಬ್ಬುಗಂಟಿಕ್ಕಬಹುದು. ಆದರೆ ಯಾವ ವಿಷಯದಲ್ಲಿ ನಮ್ಮ ಅಜ್ಞಾನಕ್ಕೆ ನಮ್ಮ ಹೆಣ್ಣುಮಕ್ಕಳು ದಂಡ ತೆರುತ್ತಿರುವರೋ, ಆ ವಿಷಯದಲ್ಲಿ ಮೌನವು ಮರ್ಯಾದೆಯಾಗಲಾರದು.

ಮೊದಲು ಈ ಕಾಲದ ಸ್ವರೂಪವನ್ನು ನೋಡೋಣ. ಒಂದು ಪೂರ್ತಿ ವರುಷ ಮುಟ್ಟು ಕಾಣದಿದ್ದರೆ ಅದು ನಿಂತಿತೆಂದು ವೈದ್ಯರು ಎಣಿಸುವರು. ನಮ್ಮ ದೇಶದಲ್ಲಿ ಇದು ಸರಾಸರಿ ೪೬–೪೭ನೆಯ ವಯಸ್ಸಿಗೆ ಆಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ೫೧ರ ಸುಮಾರಿಗೆ. ಆದರೆ ದೀಪವು ಒಮ್ಮೆಲೇ ಆರುವದಿಲ್ಲ. ಅದಕ್ಕೂ ಮುನ್ನ ಹಲವು ವರುಷ ಅಂಡಾಶಯಗಳಲ್ಲಿಯ ಅಂಡಗಳ ಸಂಗ್ರಹವು ತೀರುತ್ತ ಬಂದು, ಈಸ್ಟ್ರೋಜನ್ ಎಂಬ ಸ್ತ್ರೀರಸವು ಒಂದು ತಿಂಗಳು ಏರಿ, ಒಂದು ತಿಂಗಳು ಇಳಿದು, ಲೆಕ್ಕಕ್ಕೆ ಸಿಗದೆ ತೂಗಾಡುವದು. ದೇಹದ ಉಷ್ಣ, ನಿದ್ರೆ, ಮನಸ್ಸು, ಎಲುಬು ಇವೆಲ್ಲವುಗಳಿಗೂ ಆ ರಸದ ಸಂಬಂಧವಿರುವದರಿಂದ ತೂಗಾಟದ ಪರಿಣಾಮವು ಎಲ್ಲೆಡೆಗೂ ತಟ್ಟುವದು. ಇದು ರೋಗವಲ್ಲ, ಭೂತಬಾಧೆಯಲ್ಲ, ಸ್ವಭಾವದ ಕೇಡಂತೂ ಅಲ್ಲವೇ ಅಲ್ಲ.

ಮೊದಲ ಚಿಹ್ನೆಯು ಬಹುಶಃ ದಿನಗಳ ಲೆಕ್ಕದಲ್ಲಿಯೇ ತೋರುತ್ತದೆ. ಒಂದು ಸಲದ ಮುಟ್ಟಿಗೂ ಮುಂದಿನ ಸಲದ ಮುಟ್ಟಿಗೂ ನಡುವಣ ಅವಧಿಯಲ್ಲಿ ಏಳು ದಿನ ಇಲ್ಲವೆ ಹೆಚ್ಚಿನ ಹೆಚ್ಚುಕಡಿಮೆಯು ಮೇಲಿಂದ ಮೇಲೆ ಆಗತೊಡಗಿದರೆ ಈ ಕಾಲ ಆರಂಭವಾಯಿತೆಂದು ತಿಳಿಯಬೇಕು. ೬೦ ದಿನ ದಾಟಿಯೂ ಬಾರದೆ ಹೋಗತೊಡಗಿದರೆ ನಿಲ್ಲುವ ಕಾಲ ಹತ್ತಿರವಾಯಿತೆನ್ನಬಹುದು. ಇದರೊಡನೆ ಎದೆಯಿಂದ ಮುಖದವರೆಗೆ ಒಮ್ಮೆಲೇ ಏರುವ ಕಾವು, ರಾತ್ರಿಯ ಬೆವರು, ನಡುರಾತ್ರಿಯ ಎಚ್ಚರ, ಎದೆಬಡಿತ, ಸಿಟ್ಟು, ಕಾರಣವಿಲ್ಲದ ದುಗುಡ, ಇಟ್ಟ ವಸ್ತು ಮರೆಯುವದು, ಕೀಲುನೋವು, ಅಂಗದ ಒಣಗುವಿಕೆ, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವದು ಇವುಗಳಲ್ಲಿ ಕೆಲವು ಬರಬಹುದು. ಎಲ್ಲರಿಗೂ ಎಲ್ಲವೂ ಬರಬೇಕೆಂದಿಲ್ಲ. ಎರೆಹೊಲದಲ್ಲಿ ಹತ್ತಿ ಬಿಡಿಸುವವಳು ಇದನ್ನು ಬಿಸಿಲಿನ ಬೇಗೆಯೆಂದು ತಿಳಿಯುತ್ತಾಳೆ; ಮನೆಯ ಯಜಮಾನನು “ಇತ್ತಿತ್ತಲಾಗಿ ಆಕೆಗೆ ಸಿಟ್ಟು ಬಹಳ” ಎಂದು ತೀರ್ಪು ಕೊಟ್ಟು ಕಚೇರಿಗೆ ಹೋಗುತ್ತಾನೆ.

ಇಂಥ ಸಮಯದಲ್ಲಿ ಮಾಡತಕ್ಕ ಮೊದಲ ಕೆಲಸಕ್ಕೆ ಕಾಸು ಖರ್ಚಿಲ್ಲ. ಗೋಡೆಯ ಮೇಲಿನ ಪಂಚಾಂಗದಲ್ಲಿ ಮುಟ್ಟು ಬಂದ ದಿನ, ನಿಂತ ದಿನ, ಸ್ರಾವದ ಪ್ರಮಾಣ, ನಿದ್ರೆಗೆಟ್ಟ ರಾತ್ರಿ ಇವನ್ನು ಗುರುತು ಹಾಕುತ್ತ ಹೋಗಬೇಕು. ಮೂರು ತಿಂಗಳ ಆ ಗುರುತುಗಳು ವೈದ್ಯರಿಗೆ ಹತ್ತು ಮಾತಿಗಿಂತ ಹೆಚ್ಚು ತಿಳಿಸುವವು. ೪೫ ದಾಟಿದವರಲ್ಲಿ ಈ ಕಾಲವನ್ನು ಗುರುತಿಸಲು ಬೆಲೆಯುಳ್ಳ ರಸಪರೀಕ್ಷೆಗಳ ಅವಶ್ಯಕತೆ ಸಾಮಾನ್ಯವಾಗಿ ಇರುವದಿಲ್ಲ. ಆದರೆ ರಕ್ತಹೀನತೆಯನ್ನೂ ಥೈರಾಯ್ಡ್ ಗ್ರಂಥಿಯ ದೋಷವನ್ನೂ ಪರೀಕ್ಷಿಸುವದು ಹಿತಕರ. ಏಕೆಂದರೆ ಅವು ಇದೇ ವೇಷದಲ್ಲಿ ಬರುವದುಂಟು. ೪೦ರೊಳಗೇ ಮುಟ್ಟು ನಿಲ್ಲತೊಡಗಿದರೆ ಮಾತ್ರ ತಡಮಾಡದೆ ತಜ್ಞರನ್ನು ಕಾಣಬೇಕು. ಇನ್ನೊಂದು ಎಚ್ಚರಿಕೆಯೆಂದರೆ, ಕ್ರಮ ತಪ್ಪಿದ ಮಾತ್ರಕ್ಕೆ ಗರ್ಭ ನಿಲ್ಲುವ ಸಂಭವ ಹೋಗುವದಿಲ್ಲ.

ಕೆಲವು ಚಿಹ್ನೆಗಳನ್ನು ‘ವಯಸ್ಸಿನದು’ ಎಂದು ಬಿಡಲೇಕೂಡದು. ಗಂಟೆಗೊಂದು ಬಟ್ಟೆ ಬದಲಿಸುವಷ್ಟು ಸ್ರಾವ, ಎಂಟು ದಿನ ಮೀರಿದ ಸ್ರಾವ, ಎರಡು ಮುಟ್ಟಿನ ನಡುವೆ ಇಲ್ಲವೆ ಸಂಗದ ತರುವಾಯ ಕಾಣುವ ರಕ್ತ, ಮತ್ತು ಎಲ್ಲಕ್ಕೂ ಮಿಗಿಲಾಗಿ, ವರುಷ ನಿಂತ ಮೇಲೆ ಮರಳಿ ಕಾಣುವ ಒಂದು ಹನಿ ರಕ್ತ. ಇವುಗಳ ಹಿಂದೆ ಗಂಟು ಇರಬಹುದು, ಕೆಲವೊಮ್ಮೆ ಅರ್ಬುದವೂ ಇರಬಹುದು. ಆದ್ದರಿಂದ ತಪಾಸಣೆ ಆಗಲೇಬೇಕು.

ಉಪಚಾರದ ವಿಷಯದಲ್ಲಿಯೂ ನಿರಾಶೆಗೆ ಕಾರಣವಿಲ್ಲ. ತೆಳುವಾದ ಹತ್ತಿಯ ಬಟ್ಟೆ, ಗಾಳಿಯಾಡುವ ಕೋಣೆ, ಸಂಜೆಯ ಮೇಲೆ ಚಹ ಬಿಡುವದು, ದಿನವೂ ಚುರುಕಾದ ನಡಿಗೆ, ಹಾಲು ಮೊಸರು ಎಳ್ಳು ಬೇಳೆಗಳುಳ್ಳ ಊಟ ಇವಿಷ್ಟೇ ಎಷ್ಟೋ ಜನರಿಗೆ ಸಾಕಾಗುವವು. ಹೆಚ್ಚಿನ ಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆಮ್ಲದ ಗುಳಿಗೆಗಳೂ, ಗರ್ಭಕೋಶದೊಳಗೆ ಇಡುವ ಔಷಧಯುಕ್ತ ವಂಕಿಯೂ ಇವೆ. ಮೈಯುರಿಯು ಬಾಳನ್ನೇ ಕೆಡಿಸುವಂತಿದ್ದರೆ ಸ್ತ್ರೀರಸದ ಉಪಚಾರವಿದೆ. ಅಮೇರಿಕೆಯ ದೊಡ್ಡದೊಂದು ಪ್ರಯೋಗವು ೨೦೦೨ರಲ್ಲಿ ಅದರ ವಿಷಯವಾಗಿ ಭಯ ಹುಟ್ಟಿಸಿದ್ದು ನಿಜ. ಆದರೆ ಅದರಲ್ಲಿ ಸೇರಿದ ಸ್ತ್ರೀಯರ ಸರಾಸರಿ ವಯಸ್ಸು ೬೩ ಆಗಿತ್ತು. ೬೦ರೊಳಗಿನ ನಿರೋಗಿಗಳಲ್ಲಿ ಅಪಾಯಕ್ಕಿಂತ ಲಾಭವೇ ಹೆಚ್ಚೆಂಬುದು ಮುಂದಿನ ವಿಚಾರದಿಂದ ಸ್ಪಷ್ಟವಾಗಿದೆ. ಸ್ತನದ ಅರ್ಬುದವಾದವರು, ರಕ್ತ ಹೆಪ್ಪುಗಟ್ಟುವ ವ್ಯಾಧಿಯುಳ್ಳವರು ಅದನ್ನು ಮುಟ್ಟಬಾರದು. ಉಳಿದವರೂ ವೈದ್ಯರ ನಿರೀಕ್ಷಣೆಯಲ್ಲಿಯೇ ತೆಗೆದುಕೊಳ್ಳಬೇಕು.

ಇಷ್ಟು ಮಾರ್ಗಗಳಿರಲು ನಮ್ಮ ಸೀಮೆಯಲ್ಲಿ ಗರ್ಭಕೋಶ ತೆಗೆಸುವದೇ ಮೊದಲ ಮದ್ದಾಗಿ ಕೂತಿರುವದು ಶೋಚನೀಯ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ೧೫ರಿಂದ ೪೯ರೊಳಗಿನ ಸ್ತ್ರೀಯರಲ್ಲಿ ನೂರಕ್ಕೆ ಮೂವರಿಗಿಂತ ಹೆಚ್ಚು ಜನ ಗರ್ಭಕೋಶ ತೆಗೆಸಿಕೊಂಡವರು. ನಮ್ಮದೇ ರಾಜ್ಯದ ಕಲಬುರ್ಗಿ ಜಿಲ್ಲೆಯಲ್ಲಿ ತಾಂಡೆಗಳ ಬಡ ಹೆಣ್ಣುಮಕ್ಕಳ ಮೇಲೆ ಅವಶ್ಯಕತೆಯಿಲ್ಲದ ಇಂಥ ಶಸ್ತ್ರಕ್ರಿಯೆಗಳು ನಡೆದ ಸಂಗತಿಯು ೨೦೧೫ರಲ್ಲಿ ವಿಚಾರಣೆಗೆ ಬಂದಿತು. ಅನಾವಶ್ಯಕ ಶಸ್ತ್ರಕ್ರಿಯೆಗಳನ್ನು ತಡೆಯಲು ಕೇಂದ್ರ ಸರಕಾರವು ೨೦೨೨ರಲ್ಲಿ ರಚಿಸಿದ ನಿಯಮಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಅಂಗೀಕರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೨೩ರ ಏಪ್ರಿಲ್‌ನಲ್ಲಿ ಆಜ್ಞಾಪಿಸಿತು. ಶಸ್ತ್ರಕ್ರಿಯೆಯು ಅವಶ್ಯವಾಗುವ ಪ್ರಸಂಗಗಳು ಇಲ್ಲವೆಂದು ನಾವು ಹೇಳುವದಿಲ್ಲ. ಆದರೆ ಅಂಡಾಶಯಗಳನ್ನು ಅಕಾಲದಲ್ಲಿ ತೆಗೆದರೆ ಹಲವು ವರುಷಗಳಲ್ಲಿ ಮೆಲ್ಲಗೆ ಆಗತಕ್ಕ ಬದಲು ಒಂದೇ ದಿನ ಮೈಮೇಲೆ ಬಂದು ಬೀಳುವದು. ಎಲುಬು ಸವೆಯುವದು, ಹೃದಯದ ವ್ಯಾಧಿಯ ಭಯವೂ ಹೆಚ್ಚುವದು. ಆದ ಕಾರಣ ಸಹಿಗೆ ಮುನ್ನ ಈ ನಾಲ್ಕು ಮಾತು ಕೇಳಿರಿ: ರೋಗದ ಹೆಸರೇನು? ಯಾವ ತಪಾಸಣೆಯಿಂದ ಅದು ಸಿದ್ಧವಾಯಿತು? ಗುಳಿಗೆ, ವಂಕಿಗಳನ್ನು ಮೊದಲು ಪ್ರಯತ್ನಿಸಿ ನೋಡಬಾರದೇ? ಅಂಡಾಶಯಗಳನ್ನು ಉಳಿಸುವಿರೋ ಇಲ್ಲವೋ? ಬಳಿಕ ಎರಡನೆಯ ವೈದ್ಯರ ಅಭಿಪ್ರಾಯವನ್ನೂ ತೆಗೆದುಕೊಳ್ಳಿರಿ.

ಅಧಿಕಾರಿ ವರ್ಗಕ್ಕೂ ಒಂದು ಬಿನ್ನಹ. ೨೦೦೨ರಿಂದ ೨೦೦೫ರವರೆಗೆ ಇದೇ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಜವಾಹರಲಾಲ ನೆಹರು ವೈದ್ಯಕೀಯ ಮಹಾವಿದ್ಯಾಲಯದವರು ಅಮೇರಿಕೆಯ ವೈದ್ಯರೊಡನೆ ಕೂಡಿ ೧೬೨೦ ಸ್ತ್ರೀಯರ ಹೆರಿಗೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಊರಿನ ನರ್ಸಬಾಯಿಯೇ ಕೊಡಬಹುದಾದ ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಗುಳಿಗೆಯಿಂದ, ಹೆರಿಗೆಯ ನಂತರದ ಅತಿಸ್ರಾವವು ನೂರಕ್ಕೆ ೧೨ರಿಂದ ೬.೪ಕ್ಕೆ ಇಳಿಯಿತು. ೨೦೦೬ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಸಿದ್ಧವಾಗಿ ಜಗತ್ತಿಗೇ ಪಾಠವಾಯಿತು. ಹೆರುವವಳ ರಕ್ತವನ್ನು ಹೀಗೆ ಲೆಕ್ಕವಿಟ್ಟು ಉಳಿಸಿದ ಜಿಲ್ಲೆಗೆ, ಹೆತ್ತು ಮುಗಿಸಿದವಳ ರಕ್ತವು ಲೆಕ್ಕಕ್ಕಿಲ್ಲವೇ? ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ದಿನ, ೪೦ ದಾಟಿದ ಹೆಣ್ಣುಮಕ್ಕಳ ರಕ್ತವನ್ನೂ ರಕ್ತದೊತ್ತಡವನ್ನೂ ನೋಡಿ ಅವರ ಮಾತು ಕೇಳಿಕೊಳ್ಳುವ ವ್ಯವಸ್ಥೆಯಾಗಲಿ. ಆಶಾ ಕಾರ್ಯಕರ್ತೆಯರಿಗೆ ಈ ಚಿಹ್ನೆಗಳನ್ನು ಕಲಿಸಲಿ.

ಕಿತ್ತೂರಿನ ರಾಣಿ ಚೆನ್ನಮ್ಮನವರು ೧೭೭೮ರಲ್ಲಿ ಕಾಕತಿಯಲ್ಲಿ ಹುಟ್ಟಿದರೆಂದು ಹೇಳಲಾಗುತ್ತದೆ. ಥ್ಯಾಕರೆಯ ದಂಡನ್ನು ಅವರು ಇದಿರಿಸಿದ್ದು ೧೮೨೪ರ ಅಕ್ಟೋಬರ್‌ನಲ್ಲಿ. ಅಂದರೆ ೪೬ರ ಸುಮಾರಿಗೆ. ಯಾವ ವಯಸ್ಸಿಗೆ ನಾವು ಮನೆಯ ಹೆಣ್ಣುಮಗಳನ್ನು “ಇನ್ನೇನು ಮುಗಿಯಿತು” ಎಂದು ಬದಿಗೆ ಸರಿಸುತ್ತೇವೋ, ಅದೇ ವಯಸ್ಸಿನಲ್ಲಿ ಈ ನಾಡು ತನ್ನ ಕೋಟೆಯನ್ನು ಒಬ್ಬ ಹೆಣ್ಣಿನ ಕೈಗೆ ಒಪ್ಪಿಸಿತ್ತು. ಬೈಲಹೊಂಗಲದಲ್ಲಿ ಅವರ ಸಮಾಧಿಗೆ ಹೂವೇರಿಸುವ ಗೃಹಸ್ಥರು ಇಂದು ಮನೆಗೆ ಹೋಗಿ, ನಿದ್ರೆ ಸರಿಯಾಗಿ ಬರುವದೇ ಎಂದು ತಮ್ಮ ಮನೆಯವರನ್ನೊಮ್ಮೆ ಕೇಳಲಿ. ನಾವು ಹದಿನೇಳು ವರುಷ ತಡವಾಗಿ ಕೇಳಿದೆವು. ನಮ್ಮ ಮನೆಯವರು ಈಗ ಗುಳಿಗೆ ಮತ್ತು ನಡಿಗೆಯಿಂದ ಚೇತರಿಸಿಕೊಂಡಿದ್ದಾರೆ; ಶಸ್ತ್ರಕ್ರಿಯೆಯ ಪ್ರಸಂಗವೇ ಬರಲಿಲ್ಲ. ಅಕ್ಕನವರ ಎಲುಬನ್ನು ಮಾತ್ರ ಮೊದಲಿನಂತೆ ಮಾಡಲು ನಮ್ಮಿಂದ ಆಗಲಿಲ್ಲ.